ಕೊಸರಿಗೆ ಸಿಕ್ಕ ನಗಾರಿ

ನಮ್ಮ ಅಂಗಡಿಯಲ್ಲಿ ರಾಗಿಹಿಟ್ಟನ್ನು ಚೀಲದಿಂದ ಡಬ್ಬಿಗೆ ಸುರಿಯಲು ನಾನು ಬಳಸುವ ಲಾಳಿಕೆಯನ್ನು ನೋಡಿ ಹೊಸ ಗಿರಾಕಿಗಳೆಲ್ಲ ಒಮ್ಮೆ ನಗುತ್ತಾರೆ. ಅದು ಲಾಳಿಕೆಯೇ ಅಲ್ಲ; ಅರಿಶಿನ ಬಣ್ಣದ ಪ್ಲಾಸ್ಟಿಕ್ ಮೆಗಾಫೋನು. ಆಟದ ಮೈದಾನದಲ್ಲಿ ಬಾಯಿಗಿಟ್ಟುಕೊಂಡು ಕೂಗಲು, ಗಂಟಲು ಸೋತ ಮೇಲೆ ಅಂಗೈಗೆ ಬಡಿದು ಸದ್ದು ಮಾಡಲು ಜಪಾನಿನವರು ಮಾಡಿಕೊಂಡಿರುವ ಸಾಧನ. ಅದರ ಮೇಲೆ ನನ್ನ ಮಗಳ ಕಾಲೇಜಿನ ಹೆಸರಿತ್ತು, ಈಗ ಅರ್ಧ ಅಳಿಸಿದೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ, ತೊಳೆದರೆ ಬೇಗ ಒಣಗುತ್ತದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಬಿದ್ದಿದ್ದರೆ ದಯವಿಟ್ಟು ಎಸೆಯಬೇಡಿ. ಅಂಗಡಿಗಳಲ್ಲಿ ಸಿಗುವ ಲಾಳಿಕೆಗಳೆಲ್ಲ ಎಣ್ಣೆಗೆ ಮಾತ್ರ ಲಾಯಕ್ಕು, ಹಿಟ್ಟು ಹಾಕಿದರೆ ಕತ್ತಿನಲ್ಲೇ ಕಟ್ಟಿಕೊಂಡು ಕೂರುತ್ತದೆ.

"ಅದಿರ್ಲಿ ವಿಜಯಾ ಅವ್ರೇ, ಕೂಗೋ ಸಾಮಾನು ಹಿಟ್ಟು ಸುರಿಯೋ ಕೆಲ್ಸಕ್ಕೆ ಯಾಕೆ ಬಂತು?" ಎಂದು ಮೊನ್ನೆ ಉರಯಾಸು ಊರಿನಿಂದ ಬಂದಿದ್ದ ಹೆಂಗಸೊಬ್ಬರು ಕೇಳಿದರು. ಅವರು ಒಂದೇ ಒಂದು ಕಟ್ಟು ಹಪ್ಪಳ ಕೊಂಡಿದ್ದರಿಂದ ಚಿಕ್ಕ ಉತ್ತರ ಕೊಟ್ಟು ಕಳಿಸಿದೆ. ನಿಮಗೆ ಪೂರ್ತಿ ಹೇಳುತ್ತೇನೆ.

ನಾನು ಚಿಕ್ಕಪೇಟೆಯವಳು. ಅಲ್ಲಿ ನಮ್ಮಪ್ಪನಿಗೆ ಸ್ಟೀಲ್ ಪಾತ್ರೆಯ ಅಂಗಡಿಯಿತ್ತು. ಅಂಗಡಿ ಎನ್ನುವುದಕ್ಕಿಂತ ಎರಡು ಗೋಡೆಗಳ ನಡುವಿನ ಸಂದು ಎನ್ನಬೇಕು. ಒಳಗೆ ಹೋದವರು ತಿರುಗಿಕೊಳ್ಳಬೇಕಾದರೆ ಮೊದಲು ಹೊರಗೆ ಬರಬೇಕಿತ್ತು. ಶಾಲೆ ಬಿಟ್ಟ ಮೇಲೆ ನಾನು ಗಲ್ಲಾದ ಪಕ್ಕದಲ್ಲಿ ಒಂದು ಕೊಳಗವನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದೆ. ಮಗ್ಗಿ ತಲೆಗೆ ಹತ್ತಿದ್ದು ಅಷ್ಟಕ್ಕಷ್ಟೇ, ಅಪ್ಪನಿಗೂ ಗಿರಾಕಿಗಳಿಗೂ ನಡೆಯುತ್ತಿದ್ದ ಜಗ್ಗಾಟ ಮಾತ್ರ ಚೆನ್ನಾಗಿ ಹತ್ತಿತು. ಬಂದ ಕೂಡಲೇ ಬೆಲೆ ಕೇಳುವವರು ಸುಮ್ಮನೆ ಬಂದವರು. ಪಾತ್ರೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುವವರು ಕೊಳ್ಳಲು ಬಂದವರು. ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿದವರನ್ನು ಕೂಗಿ ಕರೆಯಬೇಕು, ನಗುನಗುತ್ತಾ ಇಳಿದವರನ್ನು ಕರೆದು ಪ್ರಯೋಜನವಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕೊಸರು. ತರಕಾರಿಯವಳು ತೂಕ ಮುಗಿದ ಮೇಲೆ ಒಂದಿಷ್ಟು ಕರಿಬೇವು ಹಾಕುವ ಹಾಗೆ, ದೊಡ್ಡ ಪಾತ್ರೆ ಕೊಂಡವರ ಚೀಲಕ್ಕೆ ಅಪ್ಪ ಒಂದು ಪುಟ್ಟ ಚಮಚ ಹಾಕುತ್ತಿದ್ದರು. ಪಾತ್ರೆ ಸೋರಿದರೂ ಜನ ಆ ಚಮಚವನ್ನು ನೆನೆಸಿಕೊಂಡು ವಾಪಸ್ ಬರುತ್ತಿದ್ದರು.

ಮದುವೆಯಾಗಿ, ಗಂಡ ಸುಧೀರರ ಕಂಪನಿ ಅವರನ್ನು ಜಪಾನಿನ ಕಾವಾಸಾಕಿಗೆ ಕಳಿಸಿದಾಗ ನಾನೂ ಬಂದೆ. ಅವರು ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಗೋಡೆಯೊಂದಿಗೆ ಚೌಕಾಸಿ ಮಾಡುವುದೊಂದು ಬಾಕಿಯಿತ್ತು. ಅಷ್ಟರಲ್ಲಿ ಅಕ್ಕಪಕ್ಕದ ಕನ್ನಡದವರು ರಾಗಿಗಾಗಿ ಪರದಾಡುತ್ತಿರುವುದು ಕಣ್ಣಿಗೆ ಬಿತ್ತು. ಒಂದು ಚೀಲ ತರಿಸಿ ಹಂಚಿದೆ. ಆಮೇಲೆ ಬ್ಯಾಡಗಿ ಮೆಣಸಿನಕಾಯಿ, ಆಮೇಲೆ ಅವಲಕ್ಕಿ. ಈಗ ರೈಲು ಹಳಿಯ ಕೆಳಗಿನ ಸಾಲಿನಲ್ಲಿ ನಮ್ಮದೇ ಅಂಗಡಿಯಿದೆ. ಮೇಲೆ ರೈಲು ಹೋದಾಗಲೆಲ್ಲ ಡಬ್ಬಿಗಳು ತಾವೇ ಅಲುಗಾಡಿ ಹಿಟ್ಟು ಚೆನ್ನಾಗಿ ಕೂರುತ್ತದೆ. ಬಾಡಿಗೆ ಮಾತಾಡುವಾಗ ಈ ಅನುಕೂಲವನ್ನು ನಾನು ಬಾಯಿಬಿಡಲಿಲ್ಲ. ಗದ್ದಲ, ಗದ್ದಲ ಎಂದು ಕಿವಿ ಮುಚ್ಚಿಕೊಂಡು ತೋರಿಸಿದ್ದೆ.

ಜಪಾನಿನಲ್ಲಿ ಚೌಕಾಸಿ ನಡೆಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಂಬಬೇಡಿ. ಬೆಲೆ ಕಡಿಮೆ ಮಾಡಿ ಎಂದರೆ ಮಾತ್ರ ನಡೆಯುವುದಿಲ್ಲ. ಬಂದ ಹೊಸದರಲ್ಲಿ ತರಕಾರಿ ಅಂಗಡಿಯವರೊಬ್ಬರ ಬಳಿ ಹಾಗೆ ಕೇಳಿದೆ. ಆ ಮನುಷ್ಯ ಗಾಬರಿಯಾಗಿ ಮೂಲಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅದರಲ್ಲಿ ಏನು ಕೊಳೆತಿದೆಯೆಂದು ಹುಡುಕುತ್ತಿದ್ದ, ಪಾಪ. ಕಂಡುಬರದಿದ್ದಕ್ಕೆ ನನ್ನ ಬಳಿ ಕ್ಷಮೆ ಕೇಳಿದ. ಆಮೇಲೆ ಉಪಾಯ ಗೊತ್ತಾಯಿತು. ಬೆಲೆಯ ತಂಟೆಗೆ ಹೋಗದೆ, "ಎಷ್ಟು ಚೆನ್ನಾಗಿದೆಯಪ್ಪಾ ನಿಮ್ಮ ಮೂಲಂಗಿ, ಇದರ ಜೊತೆ ಏನು ಹಾಕಿದರೆ ರುಚಿ?" ಎಂದು ಕೇಳಬೇಕು. ಅವರು ಒಂದು ಹಿಡಿ ಈರುಳ್ಳಿ ಎಲೆಯನ್ನು ತಾವಾಗಿಯೇ ಚೀಲಕ್ಕೆ ಹಾಕುತ್ತಾರೆ. ಅದೇ ನಮ್ಮ ಕೊಸರು. ಇದಿಷ್ಟು ನೆನಪಿಟ್ಟುಕೊಂಡರೆ ಈ ದೇಶದಲ್ಲಿ ಬದುಕಬಹುದು.

ನನ್ನ ಮಗಳು ಇಂಚರಾಳಿಗೆ ಇದ್ಯಾವುದೂ ಇಷ್ಟವಿಲ್ಲ. ನಾನು ಮೂಲಂಗಿಯನ್ನು ಹೊಗಳಲು ಶುರುಮಾಡಿದರೆ ಅವಳು ಪಕ್ಕದ ಅಂಗಡಿಗೆ ಹೋಗಿ ನಿಲ್ಲುತ್ತಾಳೆ. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಬಾಯಿಗೆ ಬರುವಾಗ ಅರ್ಧ ಇಂಗ್ಲಿಷ್ ಆಗಿರುತ್ತದೆ, ಸಿಟ್ಟು ಬಂದರೆ ಪೂರ್ತಿ ಜಪಾನೀಸ್. ಕೋಗಿಲೆಯ ಹಾಗೆ ಹಾಡಲಿ ಎಂದು ಅವಳ ಅಜ್ಜಿ ಇಂಚರ ಎಂದು ಹೆಸರಿಟ್ಟರು. ಅವಳು ಕಾಲೇಜಿಗೆ ಸೇರಿ ನಗಾರಿ ಹಿಡಿದಳು.

ಇಲ್ಲಿನ ಕಾಲೇಜುಗಳಲ್ಲಿ ಆಟಗಾರರ ತಂಡ ಇರುವ ಹಾಗೆ ಅವರಿಗಾಗಿ ಕೂಗುವವರದೂ ಒಂದು ತಂಡವಿರುತ್ತದೆ. ಸುಮ್ಮನೆ ಕೂಗುವ ಅಭಿಮಾನಿಗಳೆಂದುಕೊಳ್ಳಬೇಡಿ. ಅವರಿಗೆ ನಾಯಕನಿದ್ದಾನೆ, ಸಮವಸ್ತ್ರವಿದೆ, ಬೆಳಗ್ಗೆ ಎದ್ದು ಕೈ ಬೀಸುವ ತಾಲೀಮಿದೆ. ಮೊದಲ ವರ್ಷ ಇಂಚರ ನೀರಿನ ಬಾಟಲಿ ಹೊತ್ತಳು, ಬಾವುಟ ಮಡಿಸಿದಳು. ಎರಡನೆಯ ವರ್ಷ ಚಪ್ಪಾಳೆ ತಟ್ಟಿದಳು. ಮೂರನೆಯ ವರ್ಷ ಅವಳ ಎದೆಯಷ್ಟೆತ್ತರದ ನಗಾರಿಯನ್ನೂ ಅದರ ಕೋಲುಗಳನ್ನೂ ಒಪ್ಪಿಸಿದರು. ಅಂದು ಮನೆಗೆ ಬಂದು ಆ ಕೋಲುಗಳನ್ನು ದೇವರ ಗೂಡಿನ ಮುಂದಿಟ್ಟು ಕೈಮುಗಿದಳು. ಪರೀಕ್ಷೆಯ ದಿನವೂ ಹಾಗೆ ಕೈಮುಗಿದವಳಲ್ಲ.

ಆಟ ಬೇಸ್‌ಬಾಲ್. ನನಗೆ ಅದು ದಾರಿ ತಪ್ಪಿದ ಕ್ರಿಕೆಟ್ಟಿನ ಹಾಗೆ ಕಾಣುತ್ತದೆ. ಆದರೆ ಆಟಕ್ಕೆ ಮೊದಲು ನಡೆಯುವ ಒಂದು ಪದ್ಧತಿಯನ್ನು ನೋಡಿ ನಾನು ಬೆಚ್ಚಿಬಿದ್ದಿದ್ದೆ. ಎರಡೂ ಕಡೆಯ ಕೂಗುವವರು ಎದ್ದು ನಿಂತು, ಎದುರಿನ ತಂಡದ ಹೆಸರು ಹೇಳಿ, "ಫುರೇ! ಫುರೇ!" ಎಂದು ಅವರಿಗೆ ಜಯಕಾರ ಹಾಕುತ್ತಾರೆ. ಒಂದೊಂದು ಕೂಗಿಗೂ ನಗಾರಿಯ ಒಂದೊಂದು ಪೆಟ್ಟು. ಒಬ್ಬರು ಹಾಕಿದ ಮೇಲೆ ಇನ್ನೊಬ್ಬರು ಹಿಂದಿರುಗಿಸಲೇಬೇಕು. ಜಯಕಾರ ಪಡೆದುಕೊಂಡು ಸುಮ್ಮನೆ ಕೂರುವ ಹಾಗಿಲ್ಲ.

"ಎದುರಂಗಡಿಯೋರಿಗೆ ವ್ಯಾಪಾರ ಚೆನ್ನಾಗಾಗ್ಲಿ ಅಂತ ಯಾರಾದ್ರೂ ರಸ್ತೇಲಿ ನಿಂತು ಕೂಗ್ತಾರೇನೇ?" ಎಂದು ಮಗಳನ್ನು ಕೇಳಿದ್ದೆ.

"ಅವರಿಲ್ದೆ ಮ್ಯಾಚ್ ಹೇಗಾಗುತ್ತೆ ಅಮ್ಮಾ?" ಎಂದಳು.

ಆ ಮಾತಿಗೆ ನನಗೆ ನೆನಪಾದದ್ದು ನಮ್ಮಪ್ಪನ ಎದುರಂಗಡಿಯ ಶೆಟ್ಟರು. ಅಪ್ಪನೂ ಅವರೂ ದಿನವಿಡೀ ಒಬ್ಬರ ಗಿರಾಕಿಯನ್ನೊಬ್ಬರು ಎಳೆಯುತ್ತಿದ್ದರು. ಒಂದು ದಿನ ಶೆಟ್ಟರ ಶಟರ್ ಏಳಲಿಲ್ಲ, ಜ್ವರವಂತೆ. ಅಪ್ಪ ಬೆಳಗಿನಿಂದ ಏನನ್ನೋ ಕಳೆದುಕೊಂಡವರ ಹಾಗೆ ಕೂತರು. ಬಂದ ಗಿರಾಕಿಗಳು, "ಎದುರುಗಡೇನೂ ಕೇಳ್ಕೊಂಡು ಬರ್ತೀವಿ" ಎನ್ನಲು ಎದುರುಗಡೆಯೇ ಇರಲಿಲ್ಲವಾದ್ದರಿಂದ, ಕೊಳ್ಳದೆಯೇ ಹೋದರು. ಮಧ್ಯಾಹ್ನ ಅಪ್ಪ ಫ್ಲಾಸ್ಕಿನಲ್ಲಿ ಕಾಫಿ ಹಿಡಿದುಕೊಂಡು ಶೆಟ್ಟರ ಮನೆಗೆ ಹೋಗಿ, "ಬೇಗ ಎದ್ ಬಾರಯ್ಯಾ, ನಂಗೆ ಬೋಣಿ ಆಗ್ತಿಲ್ಲ" ಎಂದು ಬೈದು ಬಂದರು. ಅದೂ ಒಂದು ಜಯಕಾರವೇ ಇರಬೇಕು. ನಗಾರಿ ಇರಲಿಲ್ಲ, ಅಷ್ಟೆ.

ಇಂಚರಾಳ ಕೈಗೆ ನಗಾರಿ ಬಂದ ಆ ಋತುವಿನಲ್ಲಿ ಅವಳ ಕಾಲೇಜಿನ ತಂಡ ಸೋಲಲು ಶುರುಮಾಡಿತು. ಸೋಲುತ್ತಾ ಸೋಲುತ್ತಾ ಪಟ್ಟಿಯ ತಳಕ್ಕೆ ಬಂತು. ಇನ್ನು ಉಳಿದದ್ದು ಒಂದು ಪಂದ್ಯ, ಕೆಳಗಿನ ವಿಭಾಗದಲ್ಲಿ ಗೆದ್ದು ಬಂದ ತಂಡದೊಂದಿಗೆ. ಅದರಲ್ಲಿ ಸೋತರೆ ಕೆಳಗಿನ ವಿಭಾಗಕ್ಕೆ ಇಳಿಯಬೇಕು. ಅಲ್ಲಿನ ಪಂದ್ಯಗಳು ದೊಡ್ಡ ಸ್ಟೇಡಿಯಮ್ಮಿನಲ್ಲಿ ನಡೆಯುವುದಿಲ್ಲ. ಕಾಲೇಜುಗಳ ಸ್ವಂತ ಮೈದಾನಗಳಲ್ಲಿ ನಡೆಯುತ್ತವೆ, ಅವುಗಳ ಸುತ್ತ ಮನೆಗಳು. ಅಲ್ಲಿನವರು ಒಪ್ಪದ ಕಾರಣ ಸದ್ದು ಮಾಡುವ ಯಾವ ಸಾಮಾನಿಗೂ ಪ್ರವೇಶವಿಲ್ಲ. ಅಂದರೆ ತಂಡ ಸೋತರೆ, ಇಂಚರಾಳ ಕೊನೆಯ ವರ್ಷ ನಗಾರಿ ಉಗ್ರಾಣದಲ್ಲಿ ಬಟ್ಟೆ ಹೊದ್ದುಕೊಂಡು ಕೂರಬೇಕು.

ಇದೇ ಚಿಂತೆಯಲ್ಲಿದ್ದಾಗ ಆ ಲೇಖನ ಬಂತು. ಕಾಲೇಜು ಕ್ರೀಡೆಗಳಿಗೆಂದೇ ವಾರಕ್ಕೊಮ್ಮೆ ಬರುವ ಒಂದು ಪತ್ರಿಕೆ. ಅದರ ವರದಿಗಾರ ನಮ್ಮ ತಂಡವನ್ನು ಕತ್ತರಿಸಿ ಉಪ್ಪು ಖಾರ ಹಚ್ಚಿದ್ದ. ಬೌಲಿಂಗ್ ಮಾಡುವ ಹುಡುಗ ಎದುರಾಳಿಗಳಿಗೆ ಅಭ್ಯಾಸ ಮಾಡಿಸುತ್ತಿದ್ದಾನೆಂದ. ಚೆಂಡು ಹಿಡಿಯುವವರು ಅದರೊಂದಿಗೆ ಕಣ್ಣಾಮುಚ್ಚಾಲೆ ಆಡುತ್ತಿದ್ದಾರೆಂದ. ಕೊನೆಯಲ್ಲಿ ಹೀಗೊಂದು ಮಾತು: ಈ ಕಾಲೇಜಿನ ಕಡೆ ಸರಿಯಾಗಿ ಪಳಗಿದ ತೋಳೆಂದರೆ ನಗಾರಿ ಬಾರಿಸುವ ಹುಡುಗಿಯದೊಂದೇ; ಬ್ಯಾಟು ಹಿಡಿದವರು ಆಕೆಯ ಬಳಿ ಪಾಠಕ್ಕೆ ಹೋಗುವುದು ಒಳ್ಳೆಯದು.

ನನ್ನ ಜಪಾನೀಸ್ ಓದು ನಿಧಾನ. ಕೊನೆಯ ಸಾಲಿಗೆ ಬಂದಾಗ ಕುರ್ಚಿಯಿಂದ ಎದ್ದೇ ಬಿಟ್ಟೆ. "ಏ ಪುಟ್ಟಾ, ನಿನ್ನನ್ನ ಹೊಗಳಿದಾರೆ ಕಣೇ! ರೀ, ಇದಕ್ಕೆ ಲ್ಯಾಮಿನೇಷನ್ ಮಾಡಿಸ್ರೀ."

ಇಂಚರಾಳ ಮುಖ ಹುಣಸೆಹಣ್ಣಿನ ಹಾಗೆ ಆಗಿತ್ತು. "ಅಮ್ಮಾ, ಪ್ಲೀಸ್. ಟೀಮನ್ನ ಬೈದು ನನ್ನ ಹೊಗಳಿದಾರೆ. ಇಟ್ಸ್ ದ ವರ್ಸ್ಟ್ ಥಿಂಗ್. ನಾಳೆ ಅವರ ಮುಖ ಹೇಗೆ ನೋಡ್ಲಿ?"

"ಕಣ್ಣಲ್ಲಿ ನೋಡು. ನೀನೇನ್ ಬರೆದ್ಯಾ?"

"ನಂಗೆ ಬೇಡ. ಸ್ಟಿಕ್ಸ್ ವಾಪಸ್ ಕೊಡ್ತೀನಿ. ನಾನು ಬಾರಿಸಿದ್ರೆ ಎಲ್ಲರಿಗೂ ಅದೇ ಲೈನ್ ನೆನಪಾಗುತ್ತೆ."

ಅವಳು ಕೋಲುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ಸುತ್ತುವಾಗ ಕೈ ತಡೆತಡೆದು ಸುತ್ತುತ್ತಿದ್ದುದನ್ನು ನೋಡಿದೆ. ಮೆಟ್ಟಿಲಿಳಿಯುವಾಗ ಮುಖ ಗಂಟಿಕ್ಕಿದವರು ಯಾರೆಂದು ನನಗೆ ಗೊತ್ತಿಲ್ಲವೇ? ಇವಳನ್ನು ಕೂಗಿ ಕರೆಯಲೇಬೇಕು ಎಂದುಕೊಂಡೆ.

ಮಾರನೆಯ ದಿನ ಕಾಲೇಜಿನ ಹಾದಿಯಲ್ಲಿರುವ ಕೊಂಬಿನಿಗೆ ಹೋದೆ. ಹಗಲು ರಾತ್ರಿ ತೆರೆದಿರುವ ಈ ಪುಟ್ಟ ಅಂಗಡಿಗಳಲ್ಲಿ ಅನ್ನದ ಉಂಡೆಯಿಂದ ಪತ್ರಿಕೆಯವರೆಗೆ ಎಲ್ಲವೂ ಸಿಗುತ್ತದೆ, ವಿದ್ಯಾರ್ಥಿಗಳೆಲ್ಲ ಅಲ್ಲಿಗೇ ಬರುತ್ತಾರೆ. ಅಲ್ಲಿದ್ದ ಆ ಪತ್ರಿಕೆಯ ಪ್ರತಿಗಳನ್ನೆಲ್ಲ ಕೊಂಡು ತಂದೆ. ಯಾರೂ ಓದದಿದ್ದರೆ ಅವಮಾನ ಎಲ್ಲಿಯದು? ಮಾಲಕಿ ಓನೋ-ಸಾನ್, ಅಂದರೆ ನಮ್ಮ ಮಾತಿನಲ್ಲಿ ಓನೋ ಅವರು, ನನ್ನ ತೋಳು ತುಂಬ ಪತ್ರಿಕೆಗಳನ್ನು ನೋಡಿ ಕಣ್ಣರಳಿಸಿದರು. ನಾನು ಗಂಭೀರವಾಗಿ ತಲೆಬಾಗಿ ಹೊರಬಂದೆ.

ಸಂಜೆ ಸುಧೀರ್ ಆ ಕಟ್ಟನ್ನು ನೋಡಿದರು. "ನಿಮ್ಮ ಚಿಕ್ಕಪ್ಪನ ಕಥೆ ಮರ್ತ್‌ಹೋಯ್ತೇನೇ?"

ಮರೆತಿರಲಿಲ್ಲ. ಈ ಸಲ ಹಾಗಾಗುವುದಿಲ್ಲ ಎಂದುಕೊಂಡಿದ್ದೆ. ನನ್ನ ಚಿಕ್ಕಪ್ಪ ನಮ್ಮ ಬೀದಿಯ ಕಬಡ್ಡಿ ತಂಡದಲ್ಲಿದ್ದ. ಒಂದು ಸಂಜೆಪತ್ರಿಕೆ ಅವನ ಬಗ್ಗೆ, ಈತ ಎದುರಾಳಿಯ ಕಾಲು ಹಿಡಿಯುವ ಬದಲು ನಮಸ್ಕಾರ ಮಾಡುತ್ತಾನೆಂದು ಬರೆಯಿತು. ಚಿಕ್ಕಪ್ಪ ಮೂಲೆಯ ಪತ್ರಿಕೆಯಂಗಡಿಗೆ ಹೋಗಿ ಅಷ್ಟನ್ನೂ ಕೊಂಡು ತಂದ. ಅಂಗಡಿಯವನು ಈ ಬೀದಿಯಲ್ಲಿ ಪತ್ರಿಕೆಗೆ ಬಲು ಗಿರಾಕಿಯಿದೆಯೆಂದು ಮರುದಿನದಿಂದ ಇಮ್ಮಡಿ ತರಿಸಿದ. ಮನೆಯಲ್ಲಿದ್ದ ಕಟ್ಟನ್ನು ಅಪ್ಪ ವ್ಯರ್ಥ ಮಾಡುವುದೇಕೆಂದು ಪಾತ್ರೆ ಸುತ್ತಲು ಅಂಗಡಿಗೊಯ್ದರು. ಹೀಗಾಗಿ ಆ ವರ್ಷ ಬೆಂಗಳೂರಿನಲ್ಲಿ ನಮ್ಮ ಅಂಗಡಿಯ ಲೋಟ ಕೊಂಡ ಪ್ರತಿ ಮನೆಗೂ ಚಿಕ್ಕಪ್ಪನ ನಮಸ್ಕಾರ ತಲುಪಿತು.

ನಾನು ಆ ಪತ್ರಿಕೆಗಳಲ್ಲಿ ಒಂದು ಹಪ್ಪಳವನ್ನೂ ಸುತ್ತಲಿಲ್ಲ. ಆದರೆ ಎರಡು ದಿನ ಬಿಟ್ಟು ಆ ಹಾದಿಯಲ್ಲಿ ಹೋದರೆ ಕೊಂಬಿನಿಯ ಬಾಗಿಲಲ್ಲೇ ಹೊಸ ಮೇಜು. ಅದರ ಮೇಲೆ ಅದೇ ಸಂಚಿಕೆಯ ಗುಡ್ಡೆ. ಮೇಲೆ ಓನೋ-ಸಾನ್ ಬಣ್ಣದ ಪೆನ್ನಿನಿಂದ ಬರೆದ ಫಲಕ: 'ನಮ್ಮ ಕಾಲೇಜಿನ ವಿಶೇಷ ಲೇಖನ! ಭಾರಿ ಬೇಡಿಕೆ!' ಪಕ್ಕದಲ್ಲಿ ಒಂದು ನಗಾರಿಯ ಚಿತ್ರ, ಅದಕ್ಕೆ ನಗುವ ಮುಖ.

"ವಿಜಯಾ-ಸಾನ್, ನಿಮಗಾಗಿ ಹೆಚ್ಚು ತರಿಸಿದೆ," ಎಂದರು ಓನೋ-ಸಾನ್. "ಎಲ್ಲರೂ ಓದುತ್ತಿದ್ದಾರೆ. ತಂಡ ನಿಜಕ್ಕೂ ಇಷ್ಟು ಕೆಟ್ಟದಾಗಿ ಆಡುತ್ತದೆಯೇ ಎಂದು ನೋಡಲು ನಮ್ಮ ಬೀದಿಯವರೆಲ್ಲ ಪಂದ್ಯಕ್ಕೆ ಬರುತ್ತಿದ್ದೇವೆ."

ಅರಿಗಾತೋ, ಧನ್ಯವಾದ ಎಂದು ಹೇಳಿ ಬಂದೆ.

ಕೊನೆಯ ಅಸ್ತ್ರವೆಂದು ಪತ್ರಿಕೆಯ ಕಚೇರಿಗೆ ಫೋನು ಮಾಡಿದೆ. ಫೋನೆತ್ತಿದವನ ದನಿ ಬೆಣ್ಣೆಯಂತಿತ್ತು.

"ನೀವು ಬರೆದದ್ದು ಸರಿಯಲ್ಲ," ಎಂದೆ.

"ತಮಗೆ ನೋವಾಗಿದ್ದಕ್ಕೆ ಮನಸಾರೆ ಕ್ಷಮೆ ಕೋರುತ್ತೇವೆ."

"ಹಾಗಾದರೆ ತಿದ್ದುಪಡಿ ಹಾಕಿ."

"ತಮ್ಮ ಅಮೂಲ್ಯ ಅಭಿಪ್ರಾಯವನ್ನು ಸ್ವೀಕರಿಸಿದ್ದೇವೆ."

"ಹಾಕುತ್ತೀರೋ ಇಲ್ಲವೋ?"

"ಈ ಋತುವಿನಲ್ಲಿ ತಂಡ ಯಾವ ಪಂದ್ಯ ಗೆದ್ದಿತೆಂದು ತಿಳಿಸಿದರೆ ತಕ್ಷಣ ಪರಿಶೀಲಿಸುತ್ತೇವೆ."

ಎದುರಿನವನು ಇಲ್ಲ ಎಂದರೆ ಜಗ್ಗಬಹುದು. ಎಲ್ಲಕ್ಕೂ ಹೌದು ಎಂದು ಏನನ್ನೂ ಕೊಡದವನ ಬಳಿ ಏನು ಜಗ್ಗುವುದು? ತಂಡದ ಮಾತು ಹಾಗಿರಲಿ, ನಗಾರಿಯ ಸಾಲೊಂದನ್ನು ತೆಗೆದುಬಿಡಿ ಎಂದು ಇಳಿದೆ. ಅದಕ್ಕೂ ಕ್ಷಮೆ ಬಂತು. ಕಡೆಗೆ 'ಸುಮಿಮಾಸೆನ್', ಕ್ಷಮಿಸಿ, ಎಂದು ಫೋನಿಟ್ಟವಳು ನಾನೇ.

ಪಂದ್ಯಕ್ಕೆ ಮುಂಚಿನ ದಿನ ಮಧ್ಯಾಹ್ನ ಕೂಗುವವರ ನಾಯಕ ಮೊರಿತಾ-ಸಾನ್ ಅಂಗಡಿಗೆ ಬಂದ. ಕೊನೆಯ ವರ್ಷದ ಹುಡುಗ. ಸೆಕೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಕೋಟು, ಕೂಗಿ ಕೂಗಿ ಕರಕಲಾದ ದನಿ. ಒಳಗೆ ಬರುತ್ತಲೇ ತಲೆಬಾಗಿ, ಏಳುವಾಗ ತೂಗುಹಾಕಿದ್ದ ಮೆಣಸಿನಕಾಯಿ ಸರಕ್ಕೆ ತಲೆ ಹೊಡೆಸಿಕೊಂಡ. ಇಂಚರ ಕೋಲುಗಳ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಏನು ಹುಡುಗನಪ್ಪಾ, ಒಂದು ಸಲವೂ ಬೇಡ ಎನ್ನಲಿಲ್ಲವಲ್ಲ ಎಂದು ನನಗೆ ಮೈಯುರಿಯಿತು. ಅವರ ಮಾತು ಜಪಾನೀಸಿನಲ್ಲಿ ನಡೆಯಿತು. ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.

"ನಿನ್ನ ತೀರ್ಮಾನ ಅರ್ಥವಾಯಿತು," ಎಂದ ಅವನು. "ನಾಳೆಯ ಪಂದ್ಯಕ್ಕೆ ನಗಾರಿಯಿಲ್ಲದೆ ಚಪ್ಪಾಳೆಯಲ್ಲೇ ನಡೆಸುತ್ತೇವೆ. ಆದರೆ ಒಂದು ತೊಂದರೆಯಿದೆ. ಆ ವರದಿಗಾರರು ನಾಳೆ ಬರುತ್ತಾರೆ. ನಮ್ಮ ಬಗ್ಗೆ ಇಡೀ ಪುಟ ಬರೆದಿದ್ದಾರೆ. ಬೇರೆ ಯಾರೂ ನಮ್ಮ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಅವರಿಗೆ ಜಯಕಾರ ಹಾಕಬೇಕೆಂದು ನಾವೆಲ್ಲ ತೀರ್ಮಾನಿಸಿದ್ದೇವೆ."

"ವರದಿಗಾರರಿಗಾ?" ಎಂದಳು ಇಂಚರ.

"ಎದುರು ನಿಂತವರಿಗೆ ಹಾಕುವುದೇ ನಮ್ಮ ಪದ್ಧತಿಯಲ್ಲವೇ? ಆದರೆ ಹೊರಗಿನವರಿಗೆ ನಗಾರಿಯಿಲ್ಲದೆ ಜಯಕಾರ ಹಾಕುವುದು ಅವಮಾನ. ಅವರು ಹೊಗಳಿದ್ದು ನಿನ್ನೊಬ್ಬಳನ್ನೇ. ಋಣ ನಿನ್ನ ಮೇಲಿದೆ. ಅದೊಂದಕ್ಕೆ ಮಾತ್ರ ಬಾರಿಸಿಕೊಟ್ಟು ಹೋಗು."

ಅಷ್ಟು ಹೇಳಿ ಕೋಲುಗಳ ಗಂಟನ್ನು ನಮ್ಮ ತಕ್ಕಡಿಯ ಮೇಲಿಟ್ಟು, ಮೆಣಸಿನಕಾಯಿಗೆ ಈ ಸಲ ಸಿಗದ ಹಾಗೆ ಬಾಗಿ ಹೊರಟುಹೋದ. ಇಂಚರ ಬಹಳ ಹೊತ್ತು ತಕ್ಕಡಿಯನ್ನೇ ನೋಡುತ್ತಿದ್ದಳು. ನಾನು ಬಾಗಿಲಿಗೆ ಬಂದು ಅವನು ಹೋಗುವುದನ್ನು ನೋಡಿದೆ. ನಗುತ್ತಿರಲಿಲ್ಲ, ಆದರೂ ಇಂಥ ಚೌಕಾಸಿಗಾರನನ್ನು ನಾನು ಚಿಕ್ಕಪೇಟೆಯಲ್ಲೂ ಕಂಡಿಲ್ಲ. ಸರಕನ್ನು ವಾಪಸ್ ತೆಗೆದುಕೊಂಡಂತೆ ಮಾಡಿ, ಅದನ್ನೇ ಮತ್ತೆ ಗಿರಾಕಿಯ ಕೈಗಿಟ್ಟು, ಜೊತೆಗೆ ಋಣವನ್ನೂ ಹೊರಿಸಿ ಹೋಗಿದ್ದ.

ಪಂದ್ಯದ ದಿನ ಸ್ಟೇಡಿಯಮ್ಮಿನ ನಮ್ಮ ಕಡೆ ಜನ ತುಂಬಿದ್ದರು. ಓನೋ-ಸಾನ್ ತಮ್ಮ ಬೀದಿಯನ್ನೇ ಕರೆತಂದಿದ್ದರು, ಎಲ್ಲರ ಕೈಯಲ್ಲೂ ಅರಿಶಿನ ಬಣ್ಣದ ಮೆಗಾಫೋನು. ಈ ಜನ ನನ್ನ ದೂರಾಲೋಚನೆಯಿಂದ ಬಂದವರೆಂದು ನಾನು ಸುಧೀರರಿಗೆ ಹೇಳಿದೆ. ಅವರು ಆಕಾಶ ನೋಡಿದರು.

ಎದುರಿನ ತಂಡಕ್ಕೆ ನಮ್ಮವರು ಜಯಕಾರ ಹಾಕಿದರು, ಚಪ್ಪಾಳೆಯಲ್ಲಿ. ಇಂಚರ ನಗಾರಿಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಅವರು ಹಿಂದಿರುಗಿಸಿದರು. ಎಲ್ಲರೂ ಕೂರುವ ಹೊತ್ತಿಗೆ ಮೊರಿತಾ-ಸಾನ್ ಪೂರ್ತಿ ತಿರುಗಿ, ಬಲೆಯ ಹಿಂದಿನ ಪತ್ರಕರ್ತರ ಸಾಲಿಗೆ ಮುಖಮಾಡಿ ಬೆನ್ನು ಸೆಟೆಸಿದ. ಪತ್ರಿಕೆಯ ಹೆಸರು ಕೂಗಿದ. ವರದಿಗಾರನ ಹೆಸರು ಕೂಗಿದ.

"ಫುರೇ!"

ಇಂಚರ ಕೋಲೆತ್ತಿದಳು. ಧಂ!

ಮಾಸಿದ ಟೋಪಿಯ ಬಡಕಲು ಮನುಷ್ಯನೊಬ್ಬ ಪತ್ರಕರ್ತರ ಸಾಲಿನಲ್ಲಿ ಕೂತು ಅನ್ನದ ಉಂಡೆ ತಿನ್ನುತ್ತಿದ್ದ. ತನ್ನ ಹೆಸರು ಕೇಳಿ ಬಾಯಿ ನಿಂತಿತು. ಎದ್ದ. ಬಗ್ಗಿದ. ಮತ್ತೆ ಬಗ್ಗಿದ. ಜಯಕಾರ ಮುಗಿಯಿತು. ನಮ್ಮವರು ಕೂರಲಿಲ್ಲ, ಕಾಯುತ್ತಾ ನಿಂತರು. ಎದುರಿನ ಕಡೆಯವರೂ ಎದ್ದು ಕಾಯತೊಡಗಿದರು. ಹಾಕಿದ ಜಯಕಾರವನ್ನು ಹಿಂದಿರುಗಿಸಬೇಕಲ್ಲ! ಆತ ಅತ್ತಿತ್ತ ನೋಡಿದ. ಪಕ್ಕದ ಪತ್ರಕರ್ತರೆಲ್ಲ ಇದ್ದಕ್ಕಿದ್ದಂತೆ ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು.

ಆತ ಅನ್ನದ ಉಂಡೆಯನ್ನು ಎದೆಗೊತ್ತಿಕೊಂಡು, ನಮ್ಮ ಕಾಲೇಜಿನ ಹೆಸರು ಹೇಳಿ, ಮದುವೆ ಮನೆಯಲ್ಲಿ ಬಲವಂತಕ್ಕೆ ಹಾಡುವವರ ದನಿಯಲ್ಲಿ, "ಫು... ಫುರೇ" ಎಂದ. ಆಮೇಲೆ ನಿಂತುಬಿಟ್ಟ. ಆತನ ಬಳಿ ನಗಾರಿ ಇರಲಿಲ್ಲ.

ಧಂ!

ಇಂಚರ ಬಾರಿಸಿದ್ದಳು, ಅವನ ಪರವಾಗಿ. ಆತ ಬೆಚ್ಚಿ ಅವಳ ಕಡೆ ನೋಡಿದ. ಅವಳು ಕೋಲೆತ್ತಿ ಕಾದಳು. ಎರಡನೆಯ ಕೂಗು ಸ್ವಲ್ಪ ಗಟ್ಟಿಯಾಗಿ ಬಂತು. ಧಂ! ಮೂರನೆಯದಕ್ಕೆ ಆತ ಟೋಪಿ ತೆಗೆದು ಬೀಸಿಯೇ ಕೂಗಿದ. ಇಡೀ ಸ್ಟೇಡಿಯಂ ನಗುತ್ತಾ ಚಪ್ಪಾಳೆ ತಟ್ಟಿತು. ನಮ್ಮ ಆಟಗಾರರೂ ನಗುತ್ತಿದ್ದರು. ಬೌಲಿಂಗ್ ಮಾಡುವ ಹುಡುಗ ಇಂಚರಾಳ ಕಡೆ ತಿರುಗಿ, ಬ್ಯಾಟು ಹಿಡಿದಂತೆ ಕೈಮಾಡಿ, 'ಪಾಠ ಯಾವಾಗ?' ಎಂಬಂತೆ ತಲೆಬಾಗಿದ. ಅವಳು ಆಮೇಲೆ ಕೋಲು ಕೆಳಗಿಡಲಿಲ್ಲ. ಇಡುವಂತೆ ಯಾರೂ ಹೇಳಲೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ತಂಡ ಗೆಲ್ಲಬೇಕಿತ್ತು ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತ್ತು. ಆ ಋತುವಿನಲ್ಲೇ ಅತಿ ಚೆನ್ನಾಗಿ ಆಡಿ, ಕೊನೆಯ ಇನ್ನಿಂಗ್ಸಿನಲ್ಲಿ ಒಂದೇ ಒಂದು ರನ್ನಿನಿಂದ ಸೋತರು. ಇಂಚರ ಕೊನೆಯ ಜಯಕಾರವನ್ನು, ಅಂದರೆ ಗೆದ್ದವರಿಗೆ ಹಾಕುವುದನ್ನು, ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ ಬಾರಿಸಿದಳು.

ಮುಂದಿನ ಸಂಚಿಕೆಯಲ್ಲಿ ಆ ವರದಿಗಾರ ನಮ್ಮ ಪಂದ್ಯದ ಬಗ್ಗೆ ಬರೆಯಲಿಲ್ಲ. ಬೇರೊಬ್ಬರು ಬರೆದರು. ಕೆಳಗೆ ಚಿಕ್ಕ ಅಕ್ಷರದಲ್ಲಿ ಆತನ ಎರಡು ಸಾಲಿತ್ತು: ಪಂದ್ಯದಲ್ಲಿ ನಾನು ಒಂದು ಕಡೆಗೆ ಕೂಗಿದ್ದರಿಂದ ವರದಿ ಮಾಡುವ ಅರ್ಹತೆ ಕಳೆದುಕೊಂಡಿದ್ದೇನೆ, ಓದುಗರು ಕ್ಷಮಿಸಬೇಕು. ನನಗಾಗಿ ಓನೋ-ಸಾನ್ ಒಂದು ಪ್ರತಿ ತೆಗೆದಿಟ್ಟಿದ್ದರು. ಅದನ್ನು ಲ್ಯಾಮಿನೇಷನ್ ಮಾಡಿಸಲು ಇಂಚರ ಅಡ್ಡಿ ಮಾಡಲಿಲ್ಲ. ಪತ್ರಿಕೆಯವರು ನಿಮ್ಮನ್ನು ಬೈದರೆ ಫೋನು ಮಾಡಬೇಡಿ, ಪ್ರತಿಗಳನ್ನು ಕೊಳ್ಳಲೂ ಬೇಡಿ. ಜಯಕಾರ ಹಾಕಿ. ಬೈಯುವ ಬಾಯಿಗೆ ಅದರಷ್ಟು ಗಟ್ಟಿ ಬೀಗ ಇನ್ನೊಂದಿಲ್ಲ.

ಮೊರಿತಾ-ಸಾನ್ ಓದು ಮುಗಿಸಿ ಹೋದ. ತಂಡ ಕೆಳಗಿನ ವಿಭಾಗಕ್ಕೆ ಇಳಿಯಿತು. ಮೈದಾನಕ್ಕೆ ನಗಾರಿ ಒಯ್ಯುವ ಹಾಗಿಲ್ಲ, ಮೆಗಾಫೋನು ಬಡಿಯುವ ಹಾಗೂ ಇಲ್ಲ. ಹೀಗೆ ಕೆಲಸ ಕಳೆದುಕೊಂಡ ಮೆಗಾಫೋನ್ ಮನೆಗೆ ಬಂತು, ನಾನು ಅದಕ್ಕೆ ರಾಗಿಯ ಕೆಲಸ ಕೊಟ್ಟೆ. ಆದರೆ ನಗಾರಿಯಲ್ಲಿ ರಾಗಿ ಸುರಿಯಲಾಗುವುದಿಲ್ಲವಲ್ಲ.

ಚಳಿ ಮುಗಿಯುವ ಹೊತ್ತಿಗೆ ಒಂದು ದಿನ ಕೋಡುಬಳೆ ಕರಿದು ಪೊಟ್ಟಣ ಕಟ್ಟಿದೆ. "ನಡಿಯೇ, ನಿಮ್ಮ ಕಾಲೇಜ್ ಮೈದಾನದ ಸುತ್ತ ಇರೋರ್ನೆಲ್ಲ ಮಾತಾಡ್ಸ್ಕೊಂಡು ಬರೋಣ," ಎಂದೆ. ಇಲ್ಲಿ ಮನೆ ರಿಪೇರಿಯಂಥ ಗದ್ದಲದ ಕೆಲಸ ಮಾಡಿಸುವವರು ಮೊದಲೇ ಅಕ್ಕಪಕ್ಕದ ಮನೆಗಳಿಗೆ ಏನಾದರೂ ಕೊಟ್ಟು ತಲೆಬಾಗಿ ಬರುವ ರೂಢಿಯಿದೆ. ಇಂಚರ ಮೂಲಂಗಿ ಅಂಗಡಿಯ ಮುಂದೆ ಮಾಡುವ ಮುಖವನ್ನೇ ಮಾಡಿದಳು, ಆದರೆ ಬಂದಳು. ಎಲ್ಲ ಮನೆಯವರೂ ಕೋಡುಬಳೆ ಇಸಿದುಕೊಂಡು, ಮೈದಾನದ ಬೇಲಿಗೆ ಅಂಟಿಕೊಂಡಿರುವ ಮನೆಯ ಅಜ್ಜಿಯನ್ನು ಕೇಳಿ ಎಂದರು. ಆ ಅಜ್ಜಿಯೇ ಬೀದಿಯ ಮುಖ್ಯಸ್ಥೆ.

ಅಜ್ಜಿ ಬಾಗಿಲು ಸ್ವಲ್ಪವೇ ತೆರೆದರು. ನಾನು ಇಡೀ ಪಂದ್ಯಕ್ಕೆ ನಗಾರಿ ಎಂದು ಶುರುಮಾಡಿದೆ. ಅವರು ಮಧ್ಯಾಹ್ನದ ನಿದ್ದೆ ಎಂದರು. ನಾನು ಅರ್ಧ ಪಂದ್ಯಕ್ಕೆ ಇಳಿದೆ. ಅವರು ರಕ್ತದೊತ್ತಡ ಎಂದರು. ಬೆಲೆಯ ತಂಟೆ ಬಿಟ್ಟು ಅವರ ಅಂಗಳದ ಮೂಲಂಗಿ ಮಡಿಯನ್ನು ಹೊಗಳಿದೆ. ಬಾಗಿಲು ಇನ್ನೊಂದಿಷ್ಟು ತೆರೆಯಿತು. "ಹಾಗಾದರೆ ಮೊದಲಲ್ಲಿ ಒಂದಿಷ್ಟು, ಕೊನೆಯಲ್ಲಿ ಒಂದಿಷ್ಟು, ಜಯಕಾರಕ್ಕೆ ಮಾತ್ರ. ಕೊಸರು ಅಂದುಕೊಳ್ಳಿ," ಎಂದೆ.

ಅಜ್ಜಿ ನನ್ನನ್ನು ಬಿಟ್ಟು ಇಂಚರಾಳನ್ನು ನೋಡಿದರು. "ಜಯಕಾರ ಯಾರಿಗೆ?"

"ಎದುರಿನ ತಂಡಕ್ಕೆ," ಎಂದಳು ಇಂಚರ.

"ನಿಮ್ಮ ತಂಡಕ್ಕಲ್ಲವೇ?"

"ಅಲ್ಲ."

ಅಜ್ಜಿ ಒಂದು ಕೋಡುಬಳೆ ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದರು. "ನಿಮಗಾಗಿ ಆಗಿದ್ದರೆ ಬೇಡವೆನ್ನುತ್ತಿದ್ದೆ. ಬೇರೆಯವರಿಗೆ ಒಳ್ಳೆಯದಾಗಲಿ ಎನ್ನಲು ಬಾರಿಸುವುದಾದರೆ ಬಾರಿಸಿಕೋ."

ಹೊರಗೆ ಬಂದ ಮೇಲೆ ಇಂಚರ ಸ್ವಲ್ಪ ದೂರ ನಡೆದು ನನ್ನ ಕೈಯಿಂದ ಖಾಲಿ ಚೀಲ ಇಸಿದುಕೊಂಡು, "ಅಮ್ಮಾ, ಮೂಲಂಗಿ ನಿಜವಾಗ್ಲೂ ಚೆನ್ನಾಗಿತ್ತಾ?" ಎಂದಳು. ಮೂಲಂಗಿ ಸುಮಾರಾಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ, ವ್ಯಾಪಾರದ ಗುಟ್ಟು.

ಈಗ ಆ ಮೈದಾನದಲ್ಲಿ ಪಂದ್ಯವಿರುವ ದಿನವೆಲ್ಲ ನಗಾರಿ ಬಟ್ಟೆ ಸರಿಸಿ ಹೊರಗೆ ಬರುತ್ತದೆ. ಅಜ್ಜಿ ಆ ಹೊತ್ತಿಗೆ ಕಿಟಕಿ ತೆರೆದು ಕೂರುತ್ತಾರೆ. ಇಂಚರ ಇಡೀ ಪಂದ್ಯಕ್ಕೆ ಬಾರಿಸಬೇಕಾಗಿದ್ದನ್ನೆಲ್ಲ ಆ ಒಂದಿಷ್ಟರಲ್ಲೇ ಬಾರಿಸಿ ಮುಗಿಸುತ್ತಾಳೆ, ನೆಲ ಅದುರುವ ಹಾಗೆ. ಎದುರಿನ ತಂಡದ ಹುಡುಗರು ಮಾತ್ರ, ಇಷ್ಟು ಜೋರಾಗಿ ತಮ್ಮ ಒಳ್ಳೆಯದನ್ನು ಬಯಸುವವರು ಇನ್ನು ಏನು ಮಾಡುತ್ತಾರೋ ಎಂದು ಟೋಪಿ ಬಿಗಿಹಿಡಿದು, ಒಬ್ಬರಿಗೊಬ್ಬರು ಹತ್ತಿರ ಸರಿದು ನಿಲ್ಲುತ್ತಾರೆ.